ಬೀಗ ಗಟ್ಟಿಯೆಂದು ಇನ್ನೂ ಯಾರೂ ಸಾಬೀತು ಮಾಡಿಲ್ಲ

2024ರ ಡಿಸೆಂಬರ್ 9ರಂದು ಗೂಗಲ್, ಪರಮಾಣು ಮಟ್ಟದ ಭೌತನಿಯಮಗಳನ್ನು ಬಳಸಿ ಲೆಕ್ಕ ಮಾಡುವ ‘ವಿಲ್ಲೊ’ ಎಂಬ ಕ್ವಾಂಟಂ ಚಿಪ್ ಅನ್ನು ಜಗತ್ತಿಗೆ ತೋರಿಸಿತು. ಅತಿ ವೇಗದ ಸೂಪರ್ ಕಂಪ್ಯೂಟರ್‌ಗೆ ಒಂದರ ಮುಂದೆ 25 ಸೊನ್ನೆ ಹಾಕಿದಷ್ಟು ವರ್ಷ ಬೇಕಾಗುವ ಲೆಕ್ಕವನ್ನು ಇದು ಐದು ನಿಮಿಷದೊಳಗೆ ಮುಗಿಸಿತು ಎಂಬುದು ಅಂದಿನ ದೊಡ್ಡ ಸುದ್ದಿ. ವಿಶ್ವ ಹುಟ್ಟಿ ಆಗಿರುವುದೇ ಸುಮಾರು 1,380 ಕೋಟಿ ವರ್ಷ. ಆರು ತಿಂಗಳು ಕಳೆಯುವ ಮೊದಲೇ, 2025ರ ಮೇ ತಿಂಗಳಲ್ಲಿ, ಅದೇ ಕಂಪನಿಯ ಸಂಶೋಧಕ ಕ್ರೇಗ್ ಗಿಡ್ನಿ ಇನ್ನೊಂದು ಅಂದಾಜು ಹೊರಗಿಟ್ಟರು. ಇಂಟರ್ನೆಟ್ಟಿನ ಎಷ್ಟೋ ವ್ಯವಹಾರ ಕಾಯುವ ಆರ್‌ಎಸ್‌ಎ-2048 ಎಂಬ ಗೂಢಲಿಪಿಯ ಬೀಗವನ್ನು ಹತ್ತು ಲಕ್ಷಕ್ಕಿಂತ ಕಡಿಮೆ ಕ್ಯೂಬಿಟ್‌ಗಳು (ಕ್ವಾಂಟಂ ಯಂತ್ರದಲ್ಲಿ ಮಾಹಿತಿ ಹಿಡಿಯುವ ಮೂಲ ಘಟಕಗಳು) ಇರುವ ಯಂತ್ರ ಒಂದು ವಾರದೊಳಗೆ ಒಡೆಯಬಹುದು ಎಂದರು. 2019ರಲ್ಲಿ ಅವರೇ ಸಹ-ಲೇಖಕರೊಬ್ಬರ ಜೊತೆ ಹಾಕಿದ್ದ ಲೆಕ್ಕದಲ್ಲಿ ಎರಡು ಕೋಟಿ ಕ್ಯೂಬಿಟ್ ಬೇಕಿತ್ತು.

ಎರಡೂ ಸುದ್ದಿ ಓದಿದವರ ತಲೆಯಲ್ಲಿ ಒಂದಕ್ಕೊಂದು ಹೆಣೆದುಕೊಂಡವು. ಐದು ನಿಮಿಷದಲ್ಲಿ ಅಷ್ಟು ದೊಡ್ಡ ಲೆಕ್ಕ ಮಾಡುವ ಯಂತ್ರ ಬಂದಿದೆ, ಹಾಗಾದರೆ ನಮ್ಮ ಬ್ಯಾಂಕ್ ಖಾತೆ, ಯುಪಿಐ, ಆಧಾರ್ ಎಲ್ಲ ಬಯಲಾದಂತೆಯೇ ಎಂಬ ಭಯ ಹಬ್ಬಿತು. ವಿಲ್ಲೊ ಯಾವ ಬೀಗವನ್ನೂ ತೆಗೆದಿಲ್ಲ. ಅದರಲ್ಲಿ ಇರುವುದು 105 ಕ್ಯೂಬಿಟ್ ಮಾತ್ರ. ಆದರೆ ‘ಭಯ ಬೇಡ’ ಎಂದು ಹೇಳಿ ಕೈತೊಳೆದುಕೊಳ್ಳುವುದೂ ಸರಿಯಲ್ಲ. ಈ ಸುದ್ದಿಗಳ ಅಡಿಯಲ್ಲಿ ಕ್ವಾಂಟಂ ಯಂತ್ರಗಳಿಗಿಂತ ಹಳೆಯದಾದ ಒಂದು ಪ್ರಶ್ನೆ ಇನ್ನೂ ಹಾಗೇ ಉಳಿದಿದೆ. ಒಂದು ಲೆಕ್ಕ ಕಷ್ಟ ಎಂದು ನಾವು ಹೇಳುತ್ತೇವಲ್ಲ, ಅದು ನಿಜವಾಗಿಯೂ ಕಷ್ಟವೋ, ಸುಲಭದ ದಾರಿ ಇನ್ನೂ ಯಾರ ಕಣ್ಣಿಗೂ ಬಿದ್ದಿಲ್ಲವೋ?

8,633ರ ಒಳಗೆ ಏನಿದೆ

97ನ್ನು 89ರಿಂದ ಗುಣಿಸಿ ನೋಡಿ. ಪೆನ್ನು ಕಾಗದ ಇದ್ದರೆ ಅರ್ಧ ನಿಮಿಷದ ಕೆಲಸ, ಉತ್ತರ 8,633. ಈಗ ಇದನ್ನೇ ತಿರುಗಿಸಿ. 8,633 ಎಂಬುದನ್ನಷ್ಟೇ ಕೊಟ್ಟು, ಯಾವ ಎರಡು ಸಂಖ್ಯೆ ಗುಣಿಸಿದರೆ ಇದು ಬರುತ್ತದೆ ಎಂದು ಕೇಳಿದರೆ? 3, 5, 7, 11, 13 ಎಂದು ಒಂದೊಂದೇ ಅವಿಭಾಜ್ಯ ಸಂಖ್ಯೆಯಿಂದ ಭಾಗಿಸುತ್ತಾ ಹೋಗಬೇಕು. 89ಕ್ಕೆ ಬರುವಷ್ಟರಲ್ಲಿ 23 ಭಾಗಾಕಾರ ಆಗಿರುತ್ತದೆ. ಹೋಗುವಾಗ ಇಳಿಜಾರು, ಬರುವಾಗ ಏರು.

1977ರಲ್ಲಿ ಅಮೆರಿಕದ ಎಂಐಟಿಯ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಈ ಏರಿಳಿತವನ್ನೇ ಬೀಗ ಮಾಡಿದರು. ಅವರ ಹೆಸರಿನ ಮೊದಲ ಅಕ್ಷರಗಳೇ ಆರ್‌ಎಸ್‌ಎ. ಒತ್ತಿದರೆ ತಾನೇ ಹಾಕಿಕೊಳ್ಳುವ ಬೀಗವನ್ನು ನೆನಪಿಸಿಕೊಳ್ಳಿ. ಹಾಕಲು ಕೀಲಿ ಬೇಡ, ತೆಗೆಯಲು ಬೇಕು. ಗುಣಲಬ್ಧವನ್ನು ಊರಿಗೆಲ್ಲ ತಿಳಿಸಬಹುದು, ಅದನ್ನು ಬಳಸಿ ಯಾರು ಬೇಕಾದರೂ ಸಂದೇಶಕ್ಕೆ ಬೀಗ ಹಾಕಬಹುದು. ತೆಗೆಯುವುದು ಮಾತ್ರ ಆ ಎರಡು ಮೂಲ ಸಂಖ್ಯೆ ಗೊತ್ತಿರುವವರಿಂದ ಸಾಧ್ಯ. ಇವತ್ತು ಬಳಕೆಯಲ್ಲಿರುವ 2048 ಬಿಟ್‌ನ ಸಂಖ್ಯೆಯಲ್ಲಿ 617 ಅಂಕಿಗಳಿರುತ್ತವೆ.

ಅದೇ 1977ರಲ್ಲಿ ಅಮೆರಿಕದ ವಿಜ್ಞಾನ ಪತ್ರಿಕೆಯೊಂದರಲ್ಲಿ 129 ಅಂಕಿಯ ಸಂಖ್ಯೆಯೊಂದನ್ನು ಅಚ್ಚು ಹಾಕಿ, ಅದರಿಂದ ಮುಚ್ಚಿದ ಸಂದೇಶ ತೆಗೆದವರಿಗೆ 100 ಡಾಲರ್ ಬಹುಮಾನ ಎಂದು ಸವಾಲು ಹಾಕಿದರು. ತೆಗೆಯಲು 40ರ ಮುಂದೆ 15 ಸೊನ್ನೆ ಹಾಕಿದಷ್ಟು ವರ್ಷ ಬೇಕು ಎಂಬ ಅಂದಾಜು ಜೊತೆಗಿತ್ತು. ಬೀಗ ತೆರೆದದ್ದು 1994ರಲ್ಲಿ, ಹದಿನೇಳೇ ವರ್ಷಕ್ಕೆ. ಸುಮಾರು 600 ಸ್ವಯಂಸೇವಕರು ಇಂಟರ್ನೆಟ್ ಮೂಲಕ ಕೆಲಸ ಹಂಚಿಕೊಂಡು, ತಿಂಗಳುಗಟ್ಟಲೆ ತಮ್ಮ ಕಂಪ್ಯೂಟರ್‌ಗಳನ್ನು ಓಡಿಸಿ ತೆಗೆದರು. ಕಂಪ್ಯೂಟರ್‌ಗಳು ಚುರುಕಾಗಿದ್ದವು, ನಿಜ. ಅದಕ್ಕಿಂತ ಮುಖ್ಯವಾಗಿ, ಸಂಖ್ಯೆಯನ್ನು ಒಡೆಯುವ ಹೊಸ ವಿಧಾನ ಅಷ್ಟರಲ್ಲಿ ಹುಟ್ಟಿತ್ತು. ಕ್ವಾಂಟಂ ಯಂತ್ರದ ಸುಳಿವೂ ಅಲ್ಲಿರಲಿಲ್ಲ.

‘ಇಷ್ಟು ವರ್ಷ ಬೇಕು’ ಎಂಬ ಮಾತಿನ ಅರ್ಥ

ಇಂಥ ಪ್ರತಿಯೊಂದು ಸಂಖ್ಯೆಯ ಹಿಂದೆ ‘ನಮಗೆ ಇಂದು ಗೊತ್ತಿರುವ ಒಳ್ಳೆಯ ವಿಧಾನದಿಂದ ಮಾಡಿದರೆ’ ಎಂಬ ಷರತ್ತು ಇರುತ್ತದೆ. ಸುದ್ದಿಯಲ್ಲಿ ಆ ಷರತ್ತು ಬಿಟ್ಟುಹೋಗುತ್ತದೆ.

2019ರಲ್ಲಿ ಗೂಗಲ್‌ನ ಹಿಂದಿನ ಚಿಪ್ ‘ಸೈಕಮೋರ್’ 200 ಸೆಕೆಂಡಿನಲ್ಲಿ ಮಾಡಿದ ಕೆಲಸಕ್ಕೆ ಸೂಪರ್ ಕಂಪ್ಯೂಟರ್‌ಗೆ 10,000 ವರ್ಷ ಬೇಕು ಎಂದಿದ್ದರು. ಲೆಕ್ಕವನ್ನು ಬೇರೆ ರೀತಿ ಜೋಡಿಸಿದರೆ ಎರಡೂವರೆ ದಿನ ಸಾಕು ಎಂದು ಐಬಿಎಂ ಆಗಲೇ ತಕರಾರು ತೆಗೆಯಿತು. ಕೆಲವೇ ವರ್ಷಗಳಲ್ಲಿ ಚೀನಾದ ಸಂಶೋಧಕರು ಮಾಮೂಲಿ ಗ್ರಾಫಿಕ್ಸ್ ಚಿಪ್‌ಗಳ ಗುಂಪಿನಿಂದ ಗಂಟೆಗಳ ಲೆಕ್ಕದಲ್ಲಿ ಅದನ್ನು ಮುಗಿಸಿ ತೋರಿಸಿದರು. ವಿಲ್ಲೊ ಮಾಡಿದ್ದೂ ಅದೇ ಬಗೆಯ ಲೆಕ್ಕ. ಯಂತ್ರದ ಶಕ್ತಿ ಪರೀಕ್ಷೆಗೆಂದೇ ಕಟ್ಟಿದ್ದು, ದಿನಬಳಕೆಯ ಕೆಲಸಕ್ಕೆ ಬರುವಂಥದ್ದಲ್ಲ. ಆ ಚಿಪ್‌ನ ನಿಜವಾದ ಸಾಧನೆ ಬೇರೆಯೇ ಇತ್ತು. ಹೆಚ್ಚು ಕ್ಯೂಬಿಟ್‌ಗಳನ್ನು ಒಟ್ಟು ಸೇರಿಸಿದಷ್ಟೂ ತಪ್ಪಿನ ಪ್ರಮಾಣ ಇಳಿಯುತ್ತಾ ಹೋಯಿತು. ದೊಡ್ಡ ಯಂತ್ರ ಕಟ್ಟಲು ಇದೇ ಮೊದಲ ಮೆಟ್ಟಿಲು, ಆದರೆ ತಲೆಬರಹದಲ್ಲಿ ಅದಕ್ಕೆ ಜಾಗ ಸಿಗಲಿಲ್ಲ.

ಹುಡುಕುವ ಕೆಲಸ, ತಾಳೆ ನೋಡುವ ಕೆಲಸ

ಕಾಲೇಜೊಂದರಲ್ಲಿ 30 ವಿಷಯಗಳ ಪರೀಕ್ಷೆ ನಡೆಯಬೇಕು, ಸಿಗುವುದು ಮೂರೇ ಅವಧಿ. ಯಾವ ವಿದ್ಯಾರ್ಥಿಗೂ ಒಂದೇ ಅವಧಿಯಲ್ಲಿ ಎರಡು ಪರೀಕ್ಷೆ ಬೀಳಬಾರದು. ಯಾರೋ ಬರೆದುಕೊಟ್ಟ ವೇಳಾಪಟ್ಟಿ ಸರಿಯಿದೆಯೇ ಎಂದು ತಾಳೆ ನೋಡುವುದು ಒಬ್ಬ ಗುಮಾಸ್ತರಿಗೆ ಒಂದು ಮಧ್ಯಾಹ್ನದ ಕೆಲಸ. ಅಂಥ ವೇಳಾಪಟ್ಟಿಯನ್ನು ಹುಡುಕಿ ತೆಗೆಯುವುದು? ಪ್ರತಿ ವಿಷಯಕ್ಕೂ ಮೂರು ಆಯ್ಕೆ, ಒಟ್ಟು ಸಾಧ್ಯತೆ 200 ಲಕ್ಷ ಕೋಟಿಗೂ ಹೆಚ್ಚು. ಸೆಕೆಂಡಿಗೆ ಹತ್ತು ಕೋಟಿ ಪಟ್ಟಿ ಪರೀಕ್ಷಿಸುವ ಕಂಪ್ಯೂಟರ್‌ಗೆ ಎಲ್ಲವನ್ನೂ ನೋಡಲು ಸುಮಾರು 24 ದಿನ ಬೇಕು. ವಿಷಯಗಳು 40 ಆದರೆ ಅದೇ ಕಂಪ್ಯೂಟರ್‌ಗೆ ಸುಮಾರು 3,850 ವರ್ಷ. ಹೆಚ್ಚಿದ್ದು ಹತ್ತೇ ವಿಷಯ! ಒಂದೊಂದನ್ನೂ ನೋಡದೆ ಜಾಣತನದಿಂದ ಹುಡುಕುವ ವಿಧಾನಗಳಿವೆ, ಅವು ಎಷ್ಟೋ ಸಲ ಬೇಗ ಉತ್ತರ ಕೊಡುತ್ತವೆ. ಆದರೆ ಎಂಥ ಕಾಲೇಜು ಬಂದರೂ ಕೈಕೊಡದೆ, ವಿಷಯ ಹೆಚ್ಚಿದಂತೆ ಸಮಯ ಸ್ಫೋಟಿಸದೆ ಕೆಲಸ ಮಾಡುವ ವಿಧಾನ ಇದುವರೆಗೆ ಸಿಕ್ಕಿಲ್ಲ.

ಬೇಗ ತಾಳೆ ನೋಡಬಹುದಾದ ಸಮಸ್ಯೆಗಳ ಗುಂಪಿಗೆ ‘ಎನ್‌ಪಿ’ ಎಂದು ಹೆಸರು. ಬೇಗ ಬಿಡಿಸಲೂಬಹುದಾದವು ‘ಪಿ’. ಎರಡೂ ಗುಂಪು ಒಂದೇ ಇರಬಹುದೇ? ಬೇಗ ತಾಳೆ ನೋಡಬಹುದಾದ ಉತ್ತರವನ್ನು ಬೇಗ ಹುಡುಕಲೂ ಯಾವಾಗಲೂ ಒಂದು ದಾರಿ ಇದ್ದೇ ಇರುತ್ತದೆಯೇ? 1971ರಲ್ಲಿ ಸ್ಟೀಫನ್ ಕುಕ್, ಅವರಿಂದ ಸ್ವತಂತ್ರವಾಗಿ 1973ರಲ್ಲಿ ಸೋವಿಯತ್ ಒಕ್ಕೂಟದಲ್ಲಿ ಲಿಯೊನಿದ್ ಲೆವಿನ್ ಇದನ್ನು ಖಚಿತ ರೂಪದಲ್ಲಿ ಮುಂದಿಟ್ಟರು. ಅದಕ್ಕೂ ಮೊದಲೇ, 1956ರಲ್ಲಿ ತರ್ಕಶಾಸ್ತ್ರಜ್ಞ ಕರ್ಟ್ ಗೋಡೆಲ್, ಕಾಯಿಲೆಯಲ್ಲಿದ್ದ ಜಾನ್ ವಾನ್ ನಾಯ್ಮನ್‌ಗೆ ಬರೆದ ಪತ್ರದಲ್ಲಿ ಇದರ ಬೀಜವಿತ್ತು.

1972ರಲ್ಲಿ ರಿಚರ್ಡ್ ಕಾರ್ಪ್ ತೋರಿಸಿದ ಸಂಗತಿ ಇದನ್ನು ಇನ್ನೂ ಗಂಭೀರ ಮಾಡಿತು. ಮೇಲ್ನೋಟಕ್ಕೆ ಒಂದಕ್ಕೊಂದು ಸಂಬಂಧವಿಲ್ಲದ 21 ಸಮಸ್ಯೆಗಳು ಒಳಗೊಳಗೇ ಒಂದೇ ಸಮಸ್ಯೆಯ ಬೇರೆ ಬೇರೆ ವೇಷಗಳು. ನಮ್ಮ ಪರೀಕ್ಷಾ ವೇಳಾಪಟ್ಟಿಯೂ ಆ ಬಳಗದ್ದೇ. ಒಂದಕ್ಕೆ ಬೇಗದ ದಾರಿ ಸಿಕ್ಕರೆ ಎಲ್ಲಕ್ಕೂ ಸಿಕ್ಕಂತೆ. ಎನ್‌ಪಿಯ ಎಲ್ಲ ಸಮಸ್ಯೆಗಳಿಗೂ ಸಿಗುತ್ತದೆ, 617 ಅಂಕಿಯ ಸಂಖ್ಯೆ ಒಡೆಯುವುದಕ್ಕೂ ಸಿಗುತ್ತದೆ.

ಸಾಬೀತು ಯಾಕೆ ಸಿಗುತ್ತಿಲ್ಲ

ಬಹುತೇಕ ತಜ್ಞರು ಎರಡೂ ಗುಂಪು ಬೇರೆ ಬೇರೆ ಎಂದೇ ನಂಬುತ್ತಾರೆ. ವಿಲಿಯಂ ಗಸಾರ್ಕ್ ಎಂಬ ಪ್ರಾಧ್ಯಾಪಕರು 2019ರಲ್ಲಿ ತಜ್ಞರ ಅಭಿಪ್ರಾಯ ಸಂಗ್ರಹಿಸಿದಾಗ ಶೇ 88ರಷ್ಟು ಮಂದಿ ಹಾಗೆ ಹೇಳಿದ್ದರು. ಆದರೆ ಗಣಿತದಲ್ಲಿ ಬಹುಮತಕ್ಕೆ ಬೆಲೆಯಿಲ್ಲ. ಅಮೆರಿಕದ ಕ್ಲೇ ಸಂಸ್ಥೆ 2000ದಲ್ಲಿ ಇದಕ್ಕೆ ಇಟ್ಟ ಹತ್ತು ಲಕ್ಷ ಡಾಲರ್ ಬಹುಮಾನ ಹಾಗೇ ಇದೆ.

ಕಷ್ಟ ಎಲ್ಲಿದೆ ಎಂದರೆ, ಒಂದು ಲೆಕ್ಕ ಸುಲಭ ಎಂದು ತೋರಿಸಲು ಒಂದೇ ಒಂದು ವಿಧಾನ ಸಾಕು. ಅದು ಕಷ್ಟ ಎಂದು ಸಾಧಿಸಬೇಕಾದರೆ, ಈವರೆಗೆ ಯಾರೂ ಯೋಚಿಸದ, ಮುಂದೆ ಯಾರೋ ಯೋಚಿಸಬಹುದಾದ ವಿಧಾನಗಳನ್ನೂ ಸೇರಿಸಿ ‘ಯಾವುದೂ ನಡೆಯದು’ ಎನ್ನಬೇಕು. ಇಲ್ಲದ್ದನ್ನು ಇಲ್ಲವೆಂದು ಸಾಧಿಸುವ ಕೆಲಸ ಇದು. 1975ರಲ್ಲಿ ಬೇಕರ್, ಗಿಲ್, ಸೊಲೊವೆ ಎಂಬವರು, ಅಂದು ಕೈಯಲ್ಲಿದ್ದ ಸಾಧನಗಳಿಂದ ಇದು ಬಗೆಹರಿಯದು ಎಂದೇ ಗಣಿತದ ಮೂಲಕ ತೋರಿಸಿಬಿಟ್ಟರು.

1994ರಲ್ಲಿ ರಾಜ್‌ಬರೋವ್ ಮತ್ತು ರೂಡಿಚ್ ಕಂಡುಕೊಂಡದ್ದು ಇನ್ನೂ ವಿಚಿತ್ರ. ನನಗೆ ಇಡೀ ಕಥೆಯಲ್ಲಿ ಅತ್ಯಂತ ಸೋಜಿಗದ್ದೆನಿಸುವುದು ಇದೇ. ‘ಕಷ್ಟದ ಲೆಕ್ಕಗಳಿಗೆ ಇಂಥ ಲಕ್ಷಣವಿರುತ್ತದೆ, ಸುಲಭದವುಗಳಿಗೆ ಇರುವುದಿಲ್ಲ’ ಎಂದು ಒಂದು ಗುರುತು ಹಿಡಿದು ಸಾಧಿಸುವುದು ಈ ಕ್ಷೇತ್ರದವರ ಸಹಜ ನಡೆ. ಆದರೆ ಒಳ್ಳೆಯ ಬೀಗದ ಗುಣವೇ ಹೊರಗಿನಿಂದ ಗುರುತು ಸಿಗದಿರುವುದು. ಸುಲಭವಾಗಿ ತಯಾರಾದದ್ದಾದರೂ ಅದು ಗೊತ್ತುಗುರಿಯಿಲ್ಲದ ಗೊಂದಲದಂತೆ ಕಾಣಬೇಕು. ಹಾಗಾಗಿ, ಗಟ್ಟಿ ಬೀಗಗಳು ನಿಜಕ್ಕೂ ಇದ್ದರೆ, ಗುರುತು ಹಿಡಿಯುವ ಆ ಬಗೆಯ ಸಾಬೀತುಗಳೇ ಕೆಲಸ ಮಾಡುವುದಿಲ್ಲ. ಬೀಗದ ಗಟ್ಟಿತನವೇ ತನ್ನ ಸಾಬೀತಿಗೆ ಅಡ್ಡ ನಿಂತಿದೆ.

ಈ ಗೋಡೆಗಳ ಅರಿವಿದ್ದೂ ಪ್ರಯತ್ನ ನಿಂತಿಲ್ಲ. 2010ರ ಆಗಸ್ಟ್‌ನಲ್ಲಿ ಎಚ್‌ಪಿ ಲ್ಯಾಬ್ಸ್‌ನ ವಿನಯ್ ದೇವಲಾಲೀಕರ್ ಎರಡೂ ಗುಂಪು ಬೇರೆ ಬೇರೆ ಎಂದು ನೂರಕ್ಕೂ ಹೆಚ್ಚು ಪುಟಗಳ ಸಾಬೀತು ಮುಂದಿಟ್ಟಾಗ ಜಗತ್ತಿನ ದೊಡ್ಡ ಗಣಿತಜ್ಞರು ಸಾಲಾಗಿ ಕೂತು ಓದಿದರು. ಸುಮಾರು ಒಂದು ವಾರದಲ್ಲಿ ಸರಿಪಡಿಸಲಾಗದ ತೊಡಕುಗಳು ಹೊರಬಂದವು. ಅದಕ್ಕೂ ಮೊದಲು, 2002ರಲ್ಲಿ, ಐಐಟಿ ಕಾನ್ಪುರದ ಮಣೀಂದ್ರ ಅಗರ್ವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಒಂದು ಹಳೆಯ ಗಂಟು ಬಿಚ್ಚಿದ್ದರು. ಒಂದು ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂದು ಖಚಿತವಾಗಿ ತಿಳಿಯುವ ಲೆಕ್ಕ ‘ಪಿ’ ಗುಂಪಿಗೇ ಸೇರಿದ್ದು ಎಂದು ಅವರು ತೋರಿಸಿದರು. ‘ಈ ಸಂಖ್ಯೆ ಒಡೆಯುತ್ತದೆ’ ಎಂದು ಅವರ ವಿಧಾನ ಹೇಳುತ್ತದೆ, ಎಲ್ಲಿ ಒಡೆಯುತ್ತದೆ ಎಂದು ಹೇಳುವುದಿಲ್ಲ. ಹಾಗಾಗಿ ಆರ್‌ಎಸ್‌ಎಗೆ ಅದರಿಂದ ತೊಂದರೆಯಾಗಲಿಲ್ಲ. ಬಹುಕಾಲ ಸಾಬೀತಿಗೆ ಸಿಗದೆ ಉಳಿದ ಬೇಗದ ದಾರಿ ಒಂದು ದಿನ ಸಿಕ್ಕಿಬಿಡಬಹುದು ಎಂಬುದಕ್ಕೆ ಮಾತ್ರ ಅದು ನಮ್ಮ ದೇಶದ್ದೇ ಸಾಕ್ಷಿ. ಕಯಾಲ್ ಮುಂದೆ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿದ್ದು, ಲೆಕ್ಕಗಳು ಎಷ್ಟು ಕಷ್ಟ ಎಂದು ಅಳೆಯುವ ಕೆಲಸವನ್ನೇ ಮುಂದುವರಿಸಿದರು. 2021ರ ಇನ್ಫೋಸಿಸ್ ಪ್ರಶಸ್ತಿ ಅವರಿಗೆ ಬಂತು.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ನಾಳೆ ಯಾರೋ ‘ಪಿ ಬೇರೆ, ಎನ್‌ಪಿ ಬೇರೆ’ ಎಂದು ಸಾಧಿಸಿದರೂ ಆರ್‌ಎಸ್‌ಎ ಗಟ್ಟಿಯೆಂದಾಗುವುದಿಲ್ಲ. ಸಂಖ್ಯೆ ಒಡೆಯುವುದು ಕಾರ್ಪ್ ಹೇಳಿದ ಬಳಗದಲ್ಲಿದೆ ಎಂದು ಯಾರೂ ತೋರಿಸಿಲ್ಲ, ಇಲ್ಲ ಎಂಬ ಅನುಮಾನವೇ ಬಲವಾಗಿದೆ. ಖಡಾಖಂಡಿತವಾಗಿ ಸುರಕ್ಷಿತವೆಂದು ಸಾಬೀತಾದ ಬೀಗ ಒಂದಿದೆ, ಕ್ಲಾಡ್ ಶಾನನ್ 1940ರ ದಶಕದಲ್ಲೇ ಅದನ್ನು ಸಾಧಿಸಿದ್ದರು. ಆದರೆ ಅದರಲ್ಲಿ ಸಂದೇಶ ಎಷ್ಟು ಉದ್ದವೋ ಕೀಲಿಯೂ ಅಷ್ಟೇ ಉದ್ದ ಇರಬೇಕು, ಒಮ್ಮೆ ಬಳಸಿದ ಕೀಲಿಯನ್ನು ಮತ್ತೆ ಬಳಸುವಂತಿಲ್ಲ. ತಿಂಗಳಿಗೆ ಸಾವಿರ ಕೋಟಿಗೂ ಹೆಚ್ಚು ಸಲ ನಡೆಯುವ ಯುಪಿಐ ವಹಿವಾಟಿಗೆ ಅಂಥ ಕೀಲಿಗಳನ್ನು ಮೊದಲೇ ಹಂಚಿಡುವುದು ಆಗದ ಮಾತು.

ಕ್ವಾಂಟಂ ಯಂತ್ರ ಮಾಡುವುದೇನು, ಮಾಡದಿರುವುದೇನು

ಕ್ವಾಂಟಂ ಕಂಪ್ಯೂಟರ್ ಎಲ್ಲ ಉತ್ತರಗಳನ್ನೂ ಒಟ್ಟಿಗೇ ಪರೀಕ್ಷಿಸಿ ಸರಿಯಾದದ್ದನ್ನು ಎತ್ತಿಕೊಡುತ್ತದೆ ಎಂಬ ವಿವರಣೆ ಎಲ್ಲೆಡೆ ಓಡಾಡುತ್ತಿದೆ. ಇದು ತಪ್ಪು. ಅದು ಗೆಲ್ಲುವುದು ಲೆಕ್ಕದೊಳಗೆ ಅಡಗಿದ ಒಂದು ಲಯ ಇದ್ದಾಗ.

15ನ್ನು ತೆಗೆದುಕೊಳ್ಳಿ. 2ನ್ನು ಮತ್ತೆ ಮತ್ತೆ 2ರಿಂದ ಗುಣಿಸುತ್ತಾ ಹೋಗಿ, ಪ್ರತಿ ಸಲವೂ 15ರಿಂದ ಭಾಗಿಸಿದಾಗ ಉಳಿಯುವ ಶೇಷವನ್ನಷ್ಟೇ ಬರೆಯಿರಿ: 2, 4, 8, 1, 2, 4, 8, 1. ತಾಳ ಹಾಕಿದಂತೆ ನಾಲ್ಕಕ್ಕೊಮ್ಮೆ ಆವರ್ತ ಮರಳುತ್ತದೆ. ನಾಲ್ಕರ ಅರ್ಧ ಎರಡು; 2ರ ವರ್ಗ 4; ಅದರ ಅಕ್ಕಪಕ್ಕದ ಸಂಖ್ಯೆಗಳು 3 ಮತ್ತು 5. ಮೂರೈದಲೇ ಹದಿನೈದು, ಬೀಗ ತೆರೆಯಿತು. ದೊಡ್ಡ ಸಂಖ್ಯೆಗಳಲ್ಲಿ ಆವರ್ತ ಎಷ್ಟು ಉದ್ದವಿರುತ್ತದೆಂದರೆ ಸಾಮಾನ್ಯ ಕಂಪ್ಯೂಟರ್ ಅದರ ಕೊನೆ ಮುಟ್ಟುವುದೇ ಇಲ್ಲ. ಆ ಆವರ್ತವನ್ನು ಕ್ವಾಂಟಂ ಯಂತ್ರ ಬೇಗ ಹಿಡಿಯಬಲ್ಲದು ಎಂದು 1994ರಲ್ಲಿ ಪೀಟರ್ ಶೋರ್ ತೋರಿಸಿದರು. 2001ರಲ್ಲಿ ಐಬಿಎಂ ತಂಡ ಏಳು ಕ್ಯೂಬಿಟ್‌ಗಳಿಂದ ಇದೇ 15ನ್ನು ಒಡೆದು ತೋರಿಸಿತು. ಆರ್‌ಎಸ್‌ಎಯ ಜೊತೆ ಬಳಕೆಯಲ್ಲಿರುವ ಎಲಿಪ್ಟಿಕ್ ಕರ್ವ್ ಬೀಗಗಳಲ್ಲೂ ಇಂಥದ್ದೇ ಲಯವಿದೆ, ಅವೂ ಇದೇ ದಾರಿಯಲ್ಲಿ ಬೀಳುತ್ತವೆ.

ಪರೀಕ್ಷಾ ವೇಳಾಪಟ್ಟಿಯಲ್ಲಿ ಅಂಥ ಲಯವಿಲ್ಲ. ಅಲ್ಲಿ ಲವ್ ಗ್ರೋವರ್ 1996ರಲ್ಲಿ ಕೊಟ್ಟ ವಿಧಾನದಿಂದ ಹುಡುಕಾಟ ವರ್ಗಮೂಲದಷ್ಟಕ್ಕೆ ಇಳಿಯುತ್ತದೆ. 40 ವಿಷಯಗಳ ಹುಡುಕಾಟ 20 ವಿಷಯಗಳದ್ದರಷ್ಟೇ ಆಗುತ್ತದೆ. ಒಳ್ಳೆಯ ಲಾಭವೇ. ಆದರೆ 80 ವಿಷಯ ಬಂದರೆ, ಯಂತ್ರದ ವೇಗ ಅಷ್ಟೇ ಇದ್ದರೆ, ಮತ್ತೆ ಅದೇ 3,850 ವರ್ಷ. ಪಿ-ಎನ್‌ಪಿ ಪ್ರಶ್ನೆಗೆ ಕ್ವಾಂಟಂ ಯಂತ್ರ ಉತ್ತರ ಕೊಡುತ್ತದೆ ಎಂದು ನಂಬಲು ಕಾರಣವಿಲ್ಲ.

ಹೊಸ ಬೀಗಗಳು, ಹಳೆಯ ಅನುಮಾನ

ಪರಿಹಾರ ಸರಳವೆಂದು ತೋರಬಹುದು: ಇಂಥ ಲಯ ಇಲ್ಲದ ಲೆಕ್ಕಗಳಿಂದ ಹೊಸ ಬೀಗ ಮಾಡಿದರಾಯಿತು. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2016ರಲ್ಲಿ ಜಗತ್ತಿಗೇ ಆಹ್ವಾನ ಕೊಟ್ಟು, ವರ್ಷಗಟ್ಟಲೆ ಸೋಸಿ, 2024ರ ಆಗಸ್ಟ್ 13ರಂದು ಮೂರು ಮಾನಕಗಳನ್ನು ಪ್ರಕಟಿಸಿತು. ಅವುಗಳಲ್ಲಿ ಎರಡು ‘ಲ್ಯಾಟಿಸ್’ ಎಂಬ ಬಹು ಆಯಾಮದ ಜಾಲರಿಯ ಲೆಕ್ಕವನ್ನು ನಂಬಿವೆ.

ಸೋಸುವಾಗ ಆದದ್ದನ್ನು ಗಮನಿಸಬೇಕು. ಕೊನೆಯ ಸುತ್ತುಗಳವರೆಗೂ ಬಂದಿದ್ದ ‘ಸೈಕ್’ ಎಂಬ ಬೀಗವನ್ನು 2022ರಲ್ಲಿ ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದ ಇಬ್ಬರು ಮಾಮೂಲಿ ಕಂಪ್ಯೂಟರ್‌ನ ಒಂದೇ ಕೋರ್ ಬಳಸಿ ಸುಮಾರು ಒಂದು ಗಂಟೆಯಲ್ಲಿ ತೆಗೆದರು. ಬಳಸಿದ ಗಣಿತ ಹೊಸದೇನಲ್ಲ, ದಶಕಗಳ ಹಿಂದಿನ ಪ್ರಮೇಯ. ಅದೇ ವರ್ಷ ‘ರೈನ್‌ಬೋ’ ಎಂಬ ಇನ್ನೊಂದು ಅಭ್ಯರ್ಥಿ ಒಂದು ವಾರಾಂತ್ಯದ ಲ್ಯಾಪ್‌ಟಾಪ್ ಲೆಕ್ಕಕ್ಕೆ ಬಿತ್ತು. 2024ರ ಏಪ್ರಿಲ್‌ನಲ್ಲಿ ಚೀನಾದ ಸಂಶೋಧಕ ಇಲೈ ಚೆನ್ ಲ್ಯಾಟಿಸ್ ಲೆಕ್ಕಗಳಿಗೇ ಬೇಗದ ಕ್ವಾಂಟಂ ವಿಧಾನ ಸಿಕ್ಕಿದೆ ಎಂದು ಪ್ರಕಟಿಸಿದಾಗ ಇಡೀ ಕ್ಷೇತ್ರ ಸುಮಾರು ಎಂಟು ದಿನ ಉಸಿರು ಬಿಗಿಹಿಡಿದಿತ್ತು. ಒಂದು ಹಂತದಲ್ಲಿ ತಪ್ಪು ಸಿಕ್ಕಿತು, ಲೇಖಕರೇ ಅದನ್ನು ಒಪ್ಪಿಕೊಂಡರು. ಆ ಎಂಟು ದಿನ ಹೊಸ ಬೀಗ ಉಳಿಯಿತೋ ಬಿತ್ತೋ ಎಂದು ಹೇಳಬಲ್ಲ ಪ್ರಮೇಯ ಒಂದೂ ಇರಲಿಲ್ಲ. ಇವತ್ತಿಗೂ ಇಲ್ಲ.

ಹಾಗಾಗಿ ಇಲ್ಲಿ ಎರಡು ವಾದ ಎದುರುಬದುರಾಗಿವೆ. ತಡಮಾಡಬೇಡಿ ಎನ್ನುವವರ ಮಾತು ಹೀಗೆ: ಇಂದು ಬೀಗ ಹಾಕಿ ಕಳಿಸಿದ ಮಾಹಿತಿಯನ್ನು ಶತ್ರು ಈಗಲೇ ಕದ್ದು ಕೂಡಿಟ್ಟುಕೊಂಡು, ಯಂತ್ರ ಬಂದ ದಿನ ತೆರೆಯಬಹುದು. ಮಾಹಿತಿ ಇಪ್ಪತ್ತು ವರ್ಷ ಗುಟ್ಟಾಗಿ ಇರಬೇಕಾದರೆ, ಯಂತ್ರ ಹದಿನೈದು ವರ್ಷಕ್ಕೆ ಬಂದರೂ ನೀವು ಸೋತಂತೆಯೇ. ಇನ್ನೊಂದು ಕಡೆ, ಲಕ್ಷಾಂತರ ಕ್ಯೂಬಿಟ್‌ಗಳ ತಪ್ಪನ್ನು ಹತೋಟಿಯಲ್ಲಿಡುವುದು ಆಗದ ಕೆಲಸ ಎಂದು ಇಸ್ರೇಲಿನ ಗಣಿತಜ್ಞ ಗಿಲ್ ಕಲೈ ಅವರಂಥವರು ಬಹುಕಾಲದಿಂದ ವಾದಿಸುತ್ತಾ ಬಂದಿದ್ದಾರೆ. ಸುಮಾರು ಐವತ್ತು ವರ್ಷ ಪೆಟ್ಟು ತಿಂದು ನಿಂತ ಬೀಗ ಕಿತ್ತು ಎಳೆಯ ಬೀಗ ಹಾಕುವುದು ಜಾಣತನವೇ ಎಂಬ ಅಳುಕೂ ಅನೇಕರಲ್ಲಿದೆ.

ಮೊದಲ ವಾದದ ಕಡೆಗೇ ತೂಕ ಹೆಚ್ಚು ಎಂದು ನನಗನ್ನಿಸುತ್ತದೆ, ಏಕೆಂದರೆ ಎರಡನೆಯದರ ಅಳುಕಿಗೆ ಒಂದು ಪ್ರಾಯೋಗಿಕ ಉತ್ತರ ಸಿಕ್ಕಿದೆ. ಒಂದೇ ಬಾಗಿಲಿಗೆ ಹಳೆಯದು, ಹೊಸದು ಎರಡೂ ಬೀಗ ಹಾಕುವುದು. ಕಳ್ಳ ಎರಡನ್ನೂ ಒಡೆಯಬೇಕು. ಸಂದೇಶ ಕಳಿಸುವ ಸಿಗ್ನಲ್ ಆ್ಯಪ್ 2023ರಲ್ಲೇ, ಕ್ರೋಮ್ ಬ್ರೌಸರ್ 2024ರಲ್ಲಿ ಹೀಗೆ ಮಾಡಿವೆ. ಈ ಲೇಖನ ಓದುತ್ತಿರುವ ಎಷ್ಟೋ ಜನರ ಫೋನ್‌ನಲ್ಲಿ ಈಗಾಗಲೇ ಜೋಡಿ ಬೀಗ ಕೆಲಸ ಮಾಡುತ್ತಿದೆ.

ಇಲ್ಲಿ ಆಗಬೇಕಾದ ಕೆಲಸ

ಕೇಂದ್ರ ಸರ್ಕಾರ 2023ರ ಏಪ್ರಿಲ್‌ನಲ್ಲಿ ಒಪ್ಪಿದ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಸುಮಾರು 6,000 ಕೋಟಿ ರೂಪಾಯಿ ಇದೆ, ಅದರ ಕಂಪ್ಯೂಟಿಂಗ್ ಕೇಂದ್ರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಎಂಟು ವರ್ಷದಲ್ಲಿ 50ರಿಂದ 1,000 ಕ್ಯೂಬಿಟ್‌ಗಳ ಯಂತ್ರ ಅದರ ಗುರಿ. ಗಿಡ್ನಿ ಹೇಳಿದ ಹತ್ತಿರ ಹತ್ತಿರ ಹತ್ತು ಲಕ್ಷದಿಂದ ಅದು ಬಹಳ ದೂರ. ಯಂತ್ರ ಕಟ್ಟುವ ಉತ್ಸಾಹಕ್ಕೆ ಹೋಲಿಸಿದರೆ ಬೀಗ ಬದಲಿಸುವ ಕೆಲಸದ ಬಗ್ಗೆ ಸಾರ್ವಜನಿಕವಾಗಿ ನಡೆಯುವ ಮಾತು ತೀರಾ ಕಡಿಮೆ. ಅಮೆರಿಕದ ನಿಸ್ಟ್ ತನ್ನ 2024ರ ಕರಡಿನಲ್ಲಿ ಆರ್‌ಎಸ್‌ಎಯಂಥ ಹಳೆಯ ಬೀಗಗಳನ್ನು 2035ರ ನಂತರ ಬಳಸುವಂತಿಲ್ಲ ಎಂದು ಗಡುವು ಬರೆದಿದೆ.

ಬೀಗ ಬದಲಿಸುವುದು ಎಷ್ಟು ನಿಧಾನದ ಕೆಲಸ ಎಂಬುದಕ್ಕೆ ಪಹಣಿಯನ್ನೇ ನೋಡಿ. ಡಿಜಿಟಲ್ ಸಹಿ ಇರುವ ಪಹಣಿಯನ್ನು ರೈತರು ಬ್ಯಾಂಕಿಗೆ, ಕೋರ್ಟಿಗೆ ಕೊಡುತ್ತಾರೆ. ನಮ್ಮ ದೇಶದಲ್ಲಿ ಕಾನೂನಿನ ಮಾನ್ಯತೆ ಇರುವ ಡಿಜಿಟಲ್ ಸಹಿಗಳು ನಿಂತಿರುವುದು ಆರ್‌ಎಸ್‌ಎ ಅಥವಾ ಎಲಿಪ್ಟಿಕ್ ಕರ್ವ್ ಮೇಲೆ. ಗುಟ್ಟಿನ ಮಾಹಿತಿ ಸೋರಿದರೆ ಒಂದು ಬಗೆಯ ನಷ್ಟ. ಸಹಿಯ ಕೀಲಿ ಬೇರೆಯವರಿಗೆ ಸಿಕ್ಕರೆ ಆಗುವ ನಷ್ಟವೇ ಬೇರೆ, ಏಕೆಂದರೆ ಹಿಂದಿನ ತಾರೀಖು ಹಾಕಿ ಇಂದೇ ಹೊಸ ದಾಖಲೆ ಸೃಷ್ಟಿಸಬಹುದು, ಅಸಲಿ ಯಾವುದು ನಕಲಿ ಯಾವುದು ಎಂದು ಸಹಿ ನೋಡಿ ಹೇಳಲಾಗುವುದಿಲ್ಲ. ಇದನ್ನು ತಡೆಯಬೇಕಾದರೆ ಹಳೆಯ ಬೀಗ ನಂಬಿಕೆಗೆ ಯೋಗ್ಯವಾಗಿರುವಾಗಲೇ ಹಳೆಯ ದಾಖಲೆಗಳ ಮೇಲೆ ಹೊಸ ಬೀಗದ ಮುದ್ರೆ ಬೀಳಬೇಕು. ಅದಕ್ಕೂ ಮೊದಲು ಯಾವ ಇಲಾಖೆಯ ಯಾವ ಸಾಫ್ಟ್‌ವೇರ್‌ನಲ್ಲಿ ಯಾವ ಬೀಗ ಕೂತಿದೆ, ಅದನ್ನು ಬರೆದ ಕಂಪನಿ ಇನ್ನೂ ಇದೆಯೇ, ಕೀಲಿಗಳು ಯಾರ ಕೈಯಲ್ಲಿವೆ ಎಂದು ಪಟ್ಟಿ ಮಾಡಬೇಕು. ತಾಲ್ಲೂಕು ಕಚೇರಿಯ ಕಂಪ್ಯೂಟರ್‌ನಿಂದ ಹಿಡಿದು ಬ್ಯಾಂಕಿನ ಸರ್ವರ್‌ವರೆಗೆ ಆ ಪಟ್ಟಿ ಮುಗಿಯಲು ವರ್ಷಗಳೇ ಬೇಕು, 2035ಕ್ಕೆ ಉಳಿದಿರುವುದೂ ಕೆಲವೇ ವರ್ಷ.